ಟಪಾಲಿನಲ್ಲಿ ಕರಗಿದ ದನಿ

ಸಂಗೀತದ ಬಗ್ಗೆ ಮಾತಾಡುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಕಷ್ಟವಿತ್ತು. ಹಾಡಲು ಬರುವುದಿಲ್ಲ, ವಾದ್ಯ ಮುಟ್ಟಿದವನಲ್ಲ. ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕಲು ಶುರುಮಾಡಿದರೆ ಪಕ್ಕದಲ್ಲಿ ಕೂತವರು ಮೊಬೈಲಿಗೆ ಕರೆ ಬಂದವರಂತೆ ಎದ್ದು ಹೋಗುತ್ತಾರೆ. ಆದರೂ ಮೈಸೂರಿನ ನಮ್ಮ ಬಡಾವಣೆಯಲ್ಲಿ ‘ಸಂಗೀತ ತಿಳಿದವರು’ ಎಂಬ ಹೆಸರು ನನಗೆ ಅಂಟಿಕೊಂಡಿದೆ. ಇದರ ಗುಟ್ಟು ಬಹಳ ಸುಲಭ. ಬೇರೆ ಯಾರೂ ಕೇಳಿರದ ಸಂಗೀತವನ್ನು ಮಾತ್ರ ನಾನು ಹೊಗಳುತ್ತೇನೆ. ಕೇಳಿರದಿದ್ದ ಮೇಲೆ ಎದುರಾಡುವವರೂ ಇರುವುದಿಲ್ಲ.

ಚರಣ್‌ಜಿತ್ ಸಿಂಗ್ ಎಂಬ ಮುಂಬೈ ವಾದಕರು 1982ರಲ್ಲಿ ರೋಲ್ಯಾಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ್ದರು. ಆಗ ಅದನ್ನು ಕೊಂಡವರು ಕಮ್ಮಿ. 2010ರಲ್ಲಿ ಮರುಬಿಡುಗಡೆಯಾದಾಗ ಪರದೇಶದವರು ಬೆರಗಾಗಿ, ಇದು ‘ಆಸಿಡ್ ಹೌಸ್’ ಸಂಗೀತಕ್ಕಿಂತ ಮೊದಲೇ ಬಂದ ಆಸಿಡ್ ಹೌಸ್ ಎಂದು ಕುಣಿದರು. “ನಾನು ಆಗಲೇ ಹೇಳಿದ್ದೆ” ಎಂದುಕೊಂಡು ನಾನೂ ಊರೆಲ್ಲ ತಿರುಗಿದೆ. ಆಗಲೇ ಅಂದರೆ 1982ರಲ್ಲಿ ನಾನು ಚಡ್ಡಿ ಹಾಕಿಕೊಂಡು ಮಗ್ಗಿ ಒಪ್ಪಿಸುತ್ತಿದ್ದೆ. ನನ್ನ ಕಿವಿಗೆ ಸಿಂತಸೈಜರಿನ ರುಚಿ ಹತ್ತಿದ್ದು 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟಿನಿಂದ, ಹಂಸಲೇಖರ ಪುಣ್ಯದಿಂದ. ಅದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದನ್ನು ಎಲ್ಲರೂ ಕೇಳಿದ್ದಾರೆ.

ಹೀಗೆ ಸುಖವಾಗಿದ್ದವನ ಕೈಗೆ ತಂಗಿಯ ಮಗಳು ಒಂದು ಸಿಡಿ ತಂದುಕೊಟ್ಟಳು. ಅವಳಿರುವುದು ಸಿಯಾಟಲ್‌ನಲ್ಲಿ, ಸಾಫ್ಟ್‌ವೇರ್ ಕೆಲಸ. ಆ ಊರಿನ ಸಬ್ ಪಾಪ್ ಎಂಬ ಸಣ್ಣ ರೆಕಾರ್ಡ್ ಕಂಪನಿ ನಿರ್ವಾಣ ತಂಡದ ಮೊದಲ ಆಲ್ಬಮ್ಮನ್ನು 1989ರಲ್ಲಿ ಹೊರತಂದು ಹೆಸರು ಮಾಡಿತ್ತು. ಈಗ ಅವರದೇ ಒಂದು ಅಂಗಡಿ ಸಿಯಾಟಲ್ ವಿಮಾನ ನಿಲ್ದಾಣದೊಳಗೆ ಇದೆ. ಬೇರೆಯವರು ಮಾವಂದಿರಿಗೆ ಚಾಕಲೇಟು, ಬಾದಾಮಿ ಕೊಳ್ಳುವ ಹೊತ್ತಿನಲ್ಲಿ ಇವಳು ಅಲ್ಲಿ ನುಗ್ಗಿದ್ದಾಳೆ.

“ಸಿಡಿ ಯಾಕಮ್ಮ ಈ ಕಾಲದಲ್ಲಿ? ಲಿಂಕ್ ಕಳಿಸಿದ್ರೆ ಆಗ್ತಿತ್ತಲ್ಲ.”

“ಲಿಂಕ್ ಕಳಿಸಿದ್ರೆ ನೀವು ಕೇಳಲ್ಲ ಮಾಮ. ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿ ‘ಅದ್ಭುತ’ ಅಂತೀರಿ.”

ಸಿಡಿಯ ಮೇಲೆ ‘ದಿ ಪೋಸ್ಟಲ್ ಸರ್ವಿಸ್’ ಎಂದಿತ್ತು. ಅದು ತಂಡದ ಹೆಸರು. ಆಲ್ಬಮ್ಮಿನ ಹೆಸರು ‘ಗಿವ್ ಅಪ್’, 2003ರ ಫೆಬ್ರವರಿಯಲ್ಲಿ ಬಂದದ್ದು. ಹತ್ತು ಹಾಡು, ಮುಕ್ಕಾಲು ಗಂಟೆ. “ಲಿರಿಕ್ಸ್ ಗಮನಿಸಿ ಮಾಮ” ಎಂದು ಹೇಳಿ ಅವಳು ವಾಪಸು ಹಾರಿದಳು.

ನಮ್ಮ ಮನೆಯಲ್ಲಿ ಸಿಡಿ ನುಂಗುವ ಜೀವ ಉಳಿದಿರುವುದು ಒಂದೇ, ಮಹಡಿ ಕೋಣೆಯ ಹಳೆಯ ಕಂಪ್ಯೂಟರು. ಅದರ ಸ್ಪೀಕರುಗಳನ್ನು ಮಗ ಯಾವಾಗಲೋ ಹಾಸ್ಟೆಲಿಗೆ ಒಯ್ದಿದ್ದ. ಡ್ರಾಯರ್ ತಡಕಾಡಿದಾಗ ಯಾವುದೋ ಮೊಬೈಲಿನ ಜೊತೆ ಬಂದ ಇಯರ್‌ಫೋನ್ ಸಿಕ್ಕಿತು, ತಂತಿಯ ಮಧ್ಯೆ ಮೈಕು, ಅದರ ಮೇಲೆ ಒಂದು ಪುಟ್ಟ ಬಟನ್ನು ಇದ್ದದ್ದು. ಪಿನ್ನು ತೂತಿಗೆ ಹೋಯಿತು. ಸದ್ದೂ ಬಂತು. ಇನ್ನೇನು ಬೇಕು?

ಕಣ್ಣು ಮುಚ್ಚಿ ಕೇಳಿದೆ. ಟಿಕ್ ಟಿಕ್, ಬೀಪ್ ಬೀಪ್, ನಡುವೆ ಗಾಳಿ ಊದಿದಂಥ ಉದ್ದನೆಯ ಸ್ವರ. ಬೇಸ್ ಎಂಬುದು ಇಲ್ಲವೇ ಇಲ್ಲ. ಡ್ರಮ್ಮಿನ ಪೆಟ್ಟು ಹೆಸರಿಗಷ್ಟೆ. ಇದೆಲ್ಲದರ ಹಿಂದೆ, ಬಹಳ ಹಿಂದೆ, ಒಬ್ಬ ಮನುಷ್ಯನ ದನಿ ಇತ್ತೋ ಇಲ್ಲವೋ ಎಂಬಂತೆ ಸುಳಿಯುತ್ತಿತ್ತು. ಮಾತು ಒಂದೂ ತಿಳಿಯದು. ಮೈ ಜುಮ್ಮೆಂದಿತು. ಕಾಫಿ ತಂದ ಹೆಂಡತಿಯ ಕಿವಿಗೂ ಒಂದು ತುದಿ ಸಿಕ್ಕಿಸಿದೆ.

“ಯಾರೋ ಬಾವಿಗೆ ಬಿದ್ದು ಕೂಗ್ತಾ ಇದಾರಲ್ರೀ” ಎಂದಳು.

“ಅದೇ ಕಲೆ” ಎಂದೆ.

“ಎತ್ತೋರು ಯಾರೂ ಇಲ್ವಾ?” ಎಂದು ಲೋಟ ಇಟ್ಟು ಹೋದಳು.

ಆಲ್ಬಮ್ಮಿನ ಚರಿತ್ರೆ ಓದಿದೆ. ಓದಿದಷ್ಟೂ ನನ್ನ ಕಿವಿಯ ಮೇಲೆ ನನಗೆ ಗೌರವ ಹೆಚ್ಚಿತು. ಜಿಮ್ಮಿ ಟ್ಯಾಂಬೊರೆಲೊ ಎಂಬಾತ ಲಾಸ್ ಏಂಜಲಿಸಿನವನು, ‘ಡಿಎನ್‌ಟೆಲ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಸಂಗೀತ ಮಾಡುತ್ತಿದ್ದ. ಬೆನ್ ಗಿಬ್ಬರ್ಡ್ ಸಿಯಾಟಲ್‌ನಲ್ಲಿದ್ದವನು, ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ಎಂಬ ಗಿಟಾರು ತಂಡದ ಗಾಯಕ. 2001ರ ಡಿಎನ್‌ಟೆಲ್ ಆಲ್ಬಮ್ಮಿಗೆ ಗಿಬ್ಬರ್ಡ್ ಒಂದು ಹಾಡು ಹಾಡಿದ. ಅದು ಇಬ್ಬರಿಗೂ ಹಿಡಿಸಿತು, ಇನ್ನಷ್ಟು ಮಾಡೋಣ ಎಂದುಕೊಂಡರು. ಆದರೆ ಇವನಿಗೂ ಅವನಿಗೂ ನಡುವೆ ರಸ್ತೆಯಲ್ಲಿ ಸುಮಾರು 1,800 ಕಿಲೋಮೀಟರು. ಈಗಿನವರಿಗೆ ಇದೊಂದು ತೊಂದರೆಯೇ ಅಲ್ಲ. ಆಗ ಫೋನ್ ತಂತಿಯ ಮೋಡೆಮ್ಮುಗಳ ಕಾಲ ಇನ್ನೂ ಮುಗಿದಿರಲಿಲ್ಲ. ಸಿಡಿ ಗುಣಮಟ್ಟದ ಒಂದು ನಿಮಿಷದ ಸಂಗೀತ ಅಂದರೆ ಸುಮಾರು 10 ಎಂಬಿ. ಅಂಥ ತಂತಿಯಲ್ಲಿ ಆ ಒಂದು ನಿಮಿಷವನ್ನು ಕಳಿಸಲು ಅರ್ಧ ಗಂಟೆಗೂ ಹೆಚ್ಚು ಬೇಕು, ಅದೂ ಮಧ್ಯದಲ್ಲಿ ಯಾರೂ ಫೋನ್ ಎತ್ತದಿದ್ದರೆ. ಹಾಗಾಗಿ ಟ್ಯಾಂಬೊರೆಲೊ ತಾಳ, ಕೀಬೋರ್ಡು ಕೂಡಿಸಿ ಧ್ವನಿಮುದ್ರಿಸಿ ಅಂಚೆಗೆ ಹಾಕುತ್ತಿದ್ದ. ಗಿಬ್ಬರ್ಡ್ ಅದನ್ನು ತನಗೆ ಬೇಕಾದಂತೆ ಕತ್ತರಿಸಿ, ಧಾಟಿ ಹೊಸೆದು, ಸಾಹಿತ್ಯ ಬರೆದು, ಹಾಡಿ ಮತ್ತೆ ಅಂಚೆಗೆ ಹಾಕುತ್ತಿದ್ದ. ತಂಡಕ್ಕೆ ಆ ಹೆಸರು ಬಂದದ್ದೇ ಹೀಗೆ.

ಈ ಕಡೆ ಒಂದು ಮನೆಯ ಕಂಪ್ಯೂಟರಿನ ಬೀಪು, ಆ ಕಡೆ ಇನ್ನೊಂದು ಮನೆಯ ಕೊರಳು, ಮಧ್ಯೆ ಪೋಸ್ಟ್‌ಮ್ಯಾನ್. ಇಷ್ಟರಲ್ಲಿ ಹುಟ್ಟಿದ ಆಲ್ಬಮ್ಮು 2012ರ ಹೊತ್ತಿಗೆ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಯ ಗಡಿ ದಾಟಿ ಪ್ಲಾಟಿನಂ ಆಯಿತು. ಸಬ್ ಪಾಪ್‌ನ ಇತಿಹಾಸದಲ್ಲಿ ನಿರ್ವಾಣದ ಆ ಮೊದಲ ಆಲ್ಬಮ್ ಬಿಟ್ಟರೆ ಇದೇ ಹೆಚ್ಚು ಮಾರಾಟವಾದದ್ದು. ಇಷ್ಟಾಗಿಯೂ ಇಬ್ಬರೂ ಎರಡನೆಯ ಆಲ್ಬಮ್ ಮಾಡಲಿಲ್ಲ. ಮಾಡಬಾರದು ಎಂಬ ಹಟದಿಂದಲ್ಲ. ಒಬ್ಬೊಬ್ಬರಿಗೂ ಅವರವರ ತಂಡದ ಕೆಲಸ. ನನಗೆ ಇದು ಬಹಳ ಹಿಡಿಸಿತು. ನಾನೂ ಒಂದೇ ಕಾದಂಬರಿ ಶುರು ಮಾಡಿದವನು.

ಓದಿದ್ದಕ್ಕೂ ಕೇಳಿದ್ದಕ್ಕೂ ಒಂದು ಚಿಕ್ಕ ತಕರಾರಿತ್ತು. ಗಿಬ್ಬರ್ಡ್ ಹಾಡಿದ ಎನ್ನುತ್ತಾರೆ, ಜೆನ್ನಿ ಲೂಯಿಸ್, ಜೆನ್ ವುಡ್ ಎಂಬ ಇಬ್ಬರು ಹೆಣ್ಣುಮಕ್ಕಳೂ ಜೊತೆಗೆ ಹಾಡಿದ್ದಾರೆ ಎನ್ನುತ್ತಾರೆ. ನನ್ನ ಕಿವಿಗೆ ಯಾರೂ ಸಿಕ್ಕುತ್ತಿಲ್ಲ. ಬುದ್ಧಿ ಇದ್ದವನು ಈ ಹಂತದಲ್ಲಿ ಇಯರ್‌ಫೋನ್ ಬದಲಾಯಿಸುತ್ತಿದ್ದ. ನಾನು ಸಿದ್ಧಾಂತ ಕಟ್ಟಿದೆ. ದನಿಯನ್ನು ಬೇಕೆಂದೇ ಅಳಿಸಿದ್ದಾರೆ! ಹಾಡು ಅಂಚೆಯಲ್ಲಿ ಹೋಗಿ ಬರುವಾಗಲೆಲ್ಲ ಮನುಷ್ಯ ಸ್ವಲ್ಪ ಸ್ವಲ್ಪವೇ ಕರಗುತ್ತಾನೆ, ಕೊನೆಗೆ ಉಳಿಯುವುದು ಯಂತ್ರದ ಬೀಪು ಮಾತ್ರ, ಇದು ದೂರವನ್ನು ಕುರಿತ ಮಹಾಕಾವ್ಯ! ಅಷ್ಟರಲ್ಲಿ ಸಿಯಾಟಲ್‌ನಿಂದ ವಾಟ್ಸ್ಯಾಪ್ ಬಂತು: “ಲಿರಿಕ್ಸ್ ಹೇಗಿದೆ ಮಾಮ?” “ಮೌನವೇ ಇದರ ಸಾಹಿತ್ಯ” ಎಂದು ಉತ್ತರಿಸಿದೆ. ಅವಳು ಹೆಬ್ಬೆರಳು ಕಳಿಸಿದಳು. ಹೆಬ್ಬೆರಳಿಗೆ ಎಷ್ಟು ಅರ್ಥವಿರುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ ಇರುತ್ತದೆ. ಬರಬೇಕಿದ್ದ ಆಯುರ್ವೇದದ ಡಾಕ್ಟರಿಗೆ ನೆಗಡಿಯಾಗಿ ಜಾಗ ಖಾಲಿ ಬಿತ್ತು. “ನಿಮ್ಮ ಹತ್ರ ಏನಾದರೂ ಇದೆಯಾ ಸಾರ್?” ಎಂದು ಕಾರ್ಯದರ್ಶಿಗಳು ಕೇಳಿದರು. ಇರದೆ ಏನು? ‘ಟಪಾಲಿನಲ್ಲಿ ಕರಗಿದ ದನಿ: ದಿ ಪೋಸ್ಟಲ್ ಸರ್ವಿಸ್ ತಂಡದ ಗಿವ್ ಅಪ್ ಆಲ್ಬಮ್ಮಿನಲ್ಲಿ ಮಾನವ ಕಂಠದ ಗೈರುಹಾಜರಿ’ ಎಂದು ಬರೆದುಕೊಟ್ಟೆ. ಕಾರ್ಯದರ್ಶಿಗಳು ಕರಿಹಲಗೆಯ ಅಗಲ ನೋಡಿದರು, ನನ್ನ ಚೀಟಿ ನೋಡಿದರು. ಮಾರನೆ ದಿನ ಗೇಟಿನ ಬಳಿ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಪೋಸ್ಟಲ್ ಸರ್ವಿಸ್ ಬಗ್ಗೆ ಉಪನ್ಯಾಸ. ಎಲ್ಲರಿಗೂ ಸ್ವಾಗತ. ಕಾಫಿ ಇದೆ.’

ಭಾನುವಾರ ಮೆಟ್ಟಿಲು ಹತ್ತಿದವನು ಬಾಗಿಲಲ್ಲೇ ನಿಂತುಬಿಟ್ಟೆ. ಕುರ್ಚಿ ಸಾಲದೆ ಕೆಳಗಿನಿಂದ ಬೆಂಚು ತರಿಸುತ್ತಿದ್ದರು. ಮೈಸೂರಿನ ನಜರ್‌ಬಾದಿನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ. ಊರಿಗೆ ಬಂದು ಪಾಠ ಕಲಿತು ಹೋದವರಲ್ಲಿ ಕೆಲವರು ಇಲ್ಲೇ ಸೈಟು ಮಾಡಿ ನೆಲೆ ನಿಂತಿದ್ದಾರೆ ಎಂದು ಕೇಳಿದ್ದೆ. ಅಷ್ಟೂ ಜನ ಆ ದಿನ ಎದುರಿಗೆ ಕೂತಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರುಗಳು, ಆರ್‌ಎಂಎಸ್‌ನಲ್ಲಿ ರಾತ್ರಿಯೆಲ್ಲ ರೈಲಿನೊಳಗೆ ನಿಂತು ಕಾಗದ ವಿಂಗಡಿಸಿದವರು, ಅವರ ಹೆಂಡಂದಿರು. ಹಲವರ ಕೈಯಲ್ಲಿ ಪಾಸ್‌ಬುಕ್ಕು. ಮೊದಲ ಸಾಲಿನ ಒಬ್ಬರು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಮೇಲೆ ತಾರೀಖು ಬರೆದು, ಕೆಳಗೆ ಗೆರೆ ಎಳೆದು ಕಾಯುತ್ತಿದ್ದರು.

“ಹಿರಿಯ ನಾಗರಿಕರ ಉಳಿತಾಯ ಯೋಜನೆ ಬಡ್ಡಿ ವಿಷಯ ಮೊದಲು ಹೇಳಿಬಿಡಿ ಸಾರ್” ಎಂದರು ಹಿಂದಿನ ಸಾಲಿನವರೊಬ್ಬರು, “ನಮಗೆ ನಾಲ್ಕೂವರೆ ಬಸ್ಸು.”

ಆಗ ಹೇಳಿಬಿಡಬಹುದಿತ್ತು. ಆದರೆ ನನ್ನ ಉಪನ್ಯಾಸಕ್ಕೆ ಎಂದೂ ಇಷ್ಟು ಜನ ಸೇರಿದ್ದಿಲ್ಲ. ಮೈಕು ಹಿಡಿದು, “ಬಡ್ಡಿಯ ವಿಷಯಕ್ಕೆ ಆಮೇಲೆ ಬರೋಣ” ಎಂದೆ. ಸಭೆ ನೆಮ್ಮದಿಯಿಂದ ಕೂತಿತು.

ಇಬ್ಬರು ಗೆಳೆಯರು ಅಂಚೆಯಲ್ಲಿ ಹಾಡು ಕಟ್ಟಿದ ಕತೆ ಅವರಿಗೆ ಹಿಡಿಸಿತು. ಇಷ್ಟು ತನ್ಮಯವಾಗಿ ಕೇಳುವವರು ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಕೇಳಿದ ಪ್ರಶ್ನೆಗಳು ಮಾತ್ರ ನನ್ನ ತಯಾರಿಯಲ್ಲಿ ಇರಲಿಲ್ಲ.

“ಟೇಪು ಕಳಿಸಿದ್ದು ಸಾದಾ ಪಾರ್ಸೆಲ್ಲೋ ರಿಜಿಸ್ಟರ್ಡೋ?”

“ಅದು... ಅಮೆರಿಕದ್ದು...”

“ಇನ್ಶೂರ್ ಮಾಡಿಸಿದ್ರಾ? ಮಾಸ್ಟರ್ ಕಾಪಿ ಅಂತೀರಿ, ಒಂದೇ ಇರುತ್ತೆ. ಅರಗಿನ ಸೀಲು ಹಾಕದೆ ಹೇಗೆ ಬಿಡ್ತಾರೆ?”

“ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟನ್ನೇ ತೆಗೆದು ಸ್ಪೀಡ್ ಪೋಸ್ಟಿಗೆ ಸೇರಿಸಿದಾರೆ, 2025ರಲ್ಲಿ” ಎಂದು ಇನ್ನೊಬ್ಬರು ನಿಟ್ಟುಸಿರಿಟ್ಟರು. ಸ್ವಲ್ಪ ಹೊತ್ತು ಆ ದುಃಖ ನಡೆಯಿತು. ನಾನೂ ತಲೆ ತಗ್ಗಿಸಿ ನಿಂತೆ.

ಆಮೇಲೆ ನನ್ನ ಸಿದ್ಧಾಂತಕ್ಕೆ ಕೈ ಹಾಕಿದೆ. “ಇಲ್ಲಿ ಒಂದು ಸೂಕ್ಷ್ಮ ಇದೆ. ಹಾಡು ಒಂದು ಊರಿಂದ ಇನ್ನೊಂದು ಊರಿಗೆ ಅಂಚೆಯಲ್ಲಿ ಹೋಗುತ್ತಾ ಬರುತ್ತಾ ಗಾಯಕನ ದನಿ ಸವೆದುಹೋಗಿದೆ. ಕೊನೆಗೆ ಕೇಳುಗನ ಕೈ ಸೇರುವ ಹೊತ್ತಿಗೆ ದನಿಯೇ ಇಲ್ಲ. ಟಪಾಲು ಮನುಷ್ಯನನ್ನು ಕರಗಿಸಿಬಿಟ್ಟಿದೆ!”

ನೋಟ್‌ಬುಕ್ಕಿನ ಹಿರಿಯರು ಪೆನ್ನು ಮುಚ್ಚಿದರು. ಎದ್ದು ನಿಂತರು. ತಾಲ್ಲೂಕು ಹೆಡ್ ಪೋಸ್ಟಾಫೀಸನ್ನು ಆಳಿದವರ ನಿಲುವು ಅದು.

“ತಪ್ಪು ಮಾಹಿತಿ ಕೊಡ್ಬೇಡಿ ಸ್ವಾಮಿ. ಟಪಾಲಲ್ಲಿ ಏನೂ ಕರಗಲ್ಲ. ನನ್ನ ಸರ್ವೀಸಲ್ಲಿ ಮಳೆಗಾಲದಲ್ಲಿ ಹೊಳೆ ದಾಟಿಸಿ ಬ್ಯಾಗ್ ಕಳಿಸಿದೀನಿ. ಒಳಗೆ ಹಾಕಿದ್ದು ಹಾಕಿದ ಹಾಗೇ ಹೋಗಿ ತಲುಪಿದೆ. ವಿಳಾಸ ಸರಿ ಇಲ್ದಿದ್ರೆ ವಾಪಸು ಬರುತ್ತೆ. ಕರಗೋದು ಅನ್ನೋ ಕಾಲಮ್ಮು ಯಾವ ರಿಜಿಸ್ಟರಿನಲ್ಲೂ ಇಲ್ಲ.”

ಚಪ್ಪಾಳೆ. ನನ್ನ ಉಪನ್ಯಾಸಗಳ ಇತಿಹಾಸದಲ್ಲೇ ಮೊದಲ ಚಪ್ಪಾಳೆ, ಅದೂ ನನ್ನ ವಿರುದ್ಧ.

“ಕೇಳಿಸಿದ ಮೇಲೆ ನೀವೇ ಒಪ್ಪುತ್ತೀರಿ” ಎಂದು ಸೌಂಡ್ ಸಿಸ್ಟಮ್ಮಿನ ಹುಡುಗನಿಗೆ ಸಿಡಿ ಕೊಟ್ಟು ಎರಡನೆಯ ಹಾಡು ಹಾಕಲು ಹೇಳಿದೆ. ‘ಸಚ್ ಗ್ರೇಟ್ ಹೈಟ್ಸ್’, ಇವರ ಬಹು ಪ್ರಸಿದ್ಧ ಹಾಡು.

ಮೊದಲು ಬೀಪು ಬಂತು. ಆದರೆ ಇದು ನಾನು ಕೇಳಿದ ಬೀಪಲ್ಲ. ಒಂದು ಎಡಗಡೆಯ ಸ್ಪೀಕರಿನಿಂದ, ಮರುಕ್ಷಣ ಇನ್ನೊಂದು ಬಲಗಡೆಯಿಂದ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಪುಟಿಯುತ್ತಿತ್ತು. ಮಫ್ಲರ್ ಸುತ್ತಿದ ತಲೆಗಳು ಅತ್ತ ಇತ್ತ ತಿರುಗಿದವು. ಆಮೇಲೆ ಗುಡುಗುಡು ಎಂದು ತಾಳ ಬಂತು, ಬೆಂಚಿನ ಕಾಲು ನಡುಗುವಂಥ ಬೇಸ್ ಬಂತು. ನನ್ನ ಬೆನ್ನಿನಲ್ಲಿ ಬೆವರು ಬಂತು. ಕೊನೆಗೆ, ಎರಡೂ ಸ್ಪೀಕರುಗಳ ನಟ್ಟನಡುವೆ, ಎದುರಿಗೇ ನಿಂತು ಹಾಡುವಷ್ಟು ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ, ಗಿಬ್ಬರ್ಡ್ ಹಾಡತೊಡಗಿದ. ಗೈರುಹಾಜರಿ ಎಂದು ನಾನು ಬರೆದುಕೊಟ್ಟವನು ಹಾಡು ಮುಗಿಯುವ ತನಕ ಜಾಗ ಬಿಟ್ಟು ಕದಲಲಿಲ್ಲ.

“ತಲುಪಿದೆಯಲ್ಲ ಸ್ವಾಮಿ” ಎಂದರು ಪೋಸ್ಟ್‌ಮಾಸ್ಟರು. “ಡೆಲಿವರ್ಡ್.”

ಹುಡುಗ ಮುಂದಿನ ಹಾಡುಗಳನ್ನೂ ಬಿಟ್ಟ. ನಾನು ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ‘ವಿ ವಿಲ್ ಬಿಕಮ್ ಸಿಲೂಎಟ್ಸ್’ ಬಂದಾಗ ಸಭೆ ಕಾಲು ಕುಣಿಸತೊಡಗಿತು. ಆ ಹಾಡಿನ ರಾಗ ಅಷ್ಟು ಲವಲವಿಕೆಯದು. ಸಾಹಿತ್ಯ ಮಾತ್ರ ಅಣುಬಾಂಬು ಬಿದ್ದ ಮೇಲೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತವನದು. ಈ ಆಲ್ಬಮ್ಮಿನ ಜಾಣತನ ಇರುವುದೇ ಇಲ್ಲಿ. ಆಟಿಕೆಯಂಥ ಬೀಪುಗಳ ಮೇಲೆ ಇಷ್ಟು ಭಾರದ ಮಾತು ಹೇರಿದರೂ ಬೀಪು ಬಾಗುವುದಿಲ್ಲ, ಮಾತೂ ಹಗುರಾಗುವುದಿಲ್ಲ. ನಾನು ಈ ವಿಷಯ ಹೇಳಲು ಬಾಯಿ ತೆರೆದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು.

ಕಾಫಿ ಬಿಡುವಿನಲ್ಲಿ ಸೌಂಡ್ ಹುಡುಗ ನನ್ನ ಬಳಿ ಬಂದ. ವಿಷಯ ಹೇಳಿದೆ. ಇಯರ್‌ಫೋನ್ ಜೇಬಿನಲ್ಲೇ ಇತ್ತು. ಅವನು ಪಿನ್ನು ನೋಡಿ ನಕ್ಕ.

“ಇದರಲ್ಲಿ ಮೂರು ಕಪ್ಪು ಗೆರೆ ಇದೆ ನೋಡಿ ಸಾರ್. ಎಡಕ್ಕೊಂದು ಭಾಗ, ಬಲಕ್ಕೊಂದು, ಗ್ರೌಂಡಿಗೊಂದು, ಮೈಕಿಗೊಂದು. ನಿಮ್ಮ ಹಳೇ ಕಂಪ್ಯೂಟರಿನ ತೂತು ಮೈಕ್ ಇಲ್ಲದ ಪಿನ್ನಿಗೆ ಮಾಡಿದ್ದು. ಗ್ರೌಂಡ್ ತಾಗೋ ಜಾಗದಲ್ಲಿ ಮೈಕ್ ತಾಗಿ ಕೂತಿದೆ.”

“ಅದಕ್ಕೂ ಗಾಯಕನಿಗೂ ಏನು ಸಂಬಂಧ?”

“ಗ್ರೌಂಡ್ ಸಿಗದಿದ್ರೆ ಎಡದ ಸದ್ದು, ಬಲದ ಸದ್ದು ಎರಡೂ ಒಂದಕ್ಕೊಂದು ಎದುರು ನಿಲ್ತವೆ ಸಾರ್. ಎರಡರಲ್ಲೂ ಒಂದೇ ಥರ ಇರೋದೆಲ್ಲ ಕ್ಯಾನ್ಸಲ್. ವ್ಯತ್ಯಾಸ ಇರೋದು ಮಾತ್ರ ಕೇಳುತ್ತೆ. ಹಾಡೋರ ದನಿ, ಬೇಸು, ದೊಡ್ಡ ಡ್ರಮ್ಮು ಎಲ್ಲ ಮಧ್ಯದಲ್ಲಿ ಇಟ್ಟಿರ್ತಾರೆ, ಅಂದ್ರೆ ಎರಡೂ ಕಡೆ ಸಮ. ಅದೇ ಮೊದಲು ಹೋಗೋದು. ಕರೋಕೆಗೆ ಹಾಡಿಂದ ದನಿ ತೆಗೆಯೋದೂ ಇದೇ ಲೆಕ್ಕದಲ್ಲಿ.” ಆಮೇಲೆ ಕನಿಕರದಿಂದ ಸೇರಿಸಿದ: “ಆ ಮೈಕಿನ ಬಟನ್ ಒತ್ತಿ ಹಿಡಿದಿದ್ರೆ ಸರಿ ಕೇಳ್ತಿತ್ತು ಸಾರ್. ಒತ್ತಿದಾಗ ಎರಡೂ ಒಂದಾಗುತ್ತೆ.”

ಅಂದರೆ ಗಿಬ್ಬರ್ಡ್ ಇಷ್ಟು ದಿನ ನನ್ನ ಹೆಬ್ಬೆರಳಿನ ಕೆಳಗೇ ಇದ್ದ. ಲಾಸ್ ಏಂಜಲಿಸಿನಿಂದ ಸಿಯಾಟಲ್‌ಗೆ ಹೋದ ಟೇಪು ಕೆಡದೆ ಮರಳಿತ್ತು, ಸಿಯಾಟಲ್‌ನಿಂದ ಮೈಸೂರಿಗೆ ಸಿಡಿ ಕೆಡದೆ ಬಂದಿತ್ತು, ಮೇಜಿನಿಂದ ನನ್ನ ಕಿವಿಗೆ ಇದ್ದ ಒಂದು ಮೀಟರು ತಂತಿಯಲ್ಲಿ ಮನುಷ್ಯ ಕರಗಿಹೋಗಿದ್ದ.

ಇನ್ನು ಉಳಿದ ಉಪನ್ಯಾಸವನ್ನು ಹೇಗಾದರೂ ದಡ ಮುಟ್ಟಿಸಬೇಕಲ್ಲ. ನನ್ನ ಹತ್ತಿರ ಇನ್ನೊಂದು ಕತೆ ಇತ್ತು, ಅದನ್ನು ಮೊದಲು ಓದಿದಾಗ ನಾನು ನಕ್ಕಿದ್ದೆ. ಆಲ್ಬಮ್ ಬಂದ ವರ್ಷವೇ, 2003ರ ಆಗಸ್ಟಿನಲ್ಲಿ, ಅಮೆರಿಕದ ಅಂಚೆ ಇಲಾಖೆ ಈ ತಂಡಕ್ಕೆ ಒಂದು ನೋಟಿಸು ಕಳಿಸಿತು: ‘ಪೋಸ್ಟಲ್ ಸರ್ವಿಸ್’ ಎಂಬುದು ನಮ್ಮ ಟ್ರೇಡ್‌ಮಾರ್ಕು, ನೀವು ಬಳಸುವಂತಿಲ್ಲ. ಹಾಡಿನ ತಂಡವನ್ನು ಅಂಚೆ ಕಚೇರಿ ಎಂದು ಯಾವ ಪೆದ್ದ ತಿಳಿದಾನು ಎಂದು ನಾನು ಅಂದುಕೊಂಡಿದ್ದೆ. ಈಗ ಆ ನೋಟಿಸನ್ನು ಓದಿ ಹೇಳುತ್ತಿದ್ದ ನನ್ನೆದುರು ಪಾಸ್‌ಬುಕ್ ಹಿಡಿದ ಸಾಲುಸಾಲು ಸಾಕ್ಷಿಗಳು ಕೂತಿದ್ದರು. ಅಮೆರಿಕದ ಇಲಾಖೆಯ ವಕೀಲರಿಗೆ ನಮ್ಮ ವಾಚನಾಲಯದ ಒಂದು ಫೋಟೊ ಸಿಕ್ಕಿದ್ದರೆ ಮೊಕದ್ದಮೆ ಅಲ್ಲೇ ಮುಗಿಯುತ್ತಿತ್ತು.

“ನೋಟಿಸ್ ಕಳಿಸಿದ್ದು ಸರಿ” ಎಂದಿತು ಸಭೆ, ಒಕ್ಕೊರಲಿನಿಂದ. “ಆಮೇಲೆ?”

ಆಮೇಲಿನದು ಅವರಿಗೆ ಇನ್ನೂ ಹಿಡಿಸಿತು. 2004ರಲ್ಲಿ ರಾಜಿಯಾಯಿತು. ಹೆಸರನ್ನು ಪುಕ್ಕಟೆ ಬಳಸಿಕೊಳ್ಳಿ, ಆದರೆ ಟ್ರೇಡ್‌ಮಾರ್ಕು ನಮ್ಮದು ಎಂದು ಸಿಡಿಯ ಮೇಲೆ ನಮೂದಿಸಿ, ಅಂಚೆಯ ಪ್ರಚಾರಕ್ಕೆ ಕೈಜೋಡಿಸಿ, ನಿಮ್ಮ ಸಿಡಿಯನ್ನು ನಾವೂ ಮಾರುತ್ತೇವೆ ಎಂದಿತು ಇಲಾಖೆ. ಅದರ ಮೇಲೆ, ಪೋಸ್ಟ್‌ಮಾಸ್ಟರ್ ಜನರಲ್ ನಡೆಸುವ ಹಿರಿಯ ಅಧಿಕಾರಿಗಳ ವಾರ್ಷಿಕ ಸಮ್ಮೇಳನದಲ್ಲಿ ಬಂದು ಹಾಡಬೇಕು. ತಂಡ ಹೋಗಿ ಹಾಡಿತು. ಕೋಟು ಹಾಕಿದ ಅಂಚೆ ಅಧಿಕಾರಿಗಳು ಅಣುಬಾಂಬಿನ ಹಾಡಿಗೆ ಕಾಲು ಕುಣಿಸಿದರೋ ಇಲ್ಲವೋ, ನನಗೆ ಈಗ ಬಹಳ ಕುತೂಹಲ.

ಇದರ ಮೇಲೆ ಚರ್ಚೆ ಕಾವೇರಿತು. ಒಬ್ಬರು ಇಲಾಖೆ ರಾಯಲ್ಟಿ ಕೇಳಬೇಕಿತ್ತು ಎಂದರು. ಆರ್‌ಎಂಎಸ್‌ನವರು, “ಸಾರ್ಟಿಂಗ್ ಮಾಡಿದವರನ್ನು ಕರೆಸಿ ಹಾಡಿಸ್ಬೇಕಿತ್ತು, ಆಫೀಸರ್‌ಗಳ ಮುಂದೆ ಯಾಕೆ?” ಎಂದು ಹಳೆಯ ಗಾಯ ಕೆದಕಿದರು. ಈ ತಂಡದ ಅದೇ ಪ್ರಸಿದ್ಧ ಹಾಡಿನ ಸಂಗೀತವನ್ನು ಕೆಲ ವರ್ಷಗಳ ಮೇಲೆ ಯುಪಿಎಸ್ ಎಂಬ ಖಾಸಗಿ ಕೊರಿಯರ್ ಕಂಪನಿ ತನ್ನ ಜಾಹೀರಾತಿಗೆ ಹಾಕಿಕೊಂಡಿತು ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಕೊರಿಯರ್ ಎಂಬ ಶಬ್ದ ಬಿದ್ದದ್ದೇ ತಡ, ಸಭೆಯಲ್ಲಿ ಸಿಟ್ಟು ಸಿಡಿದು, ಕಾರ್ಯದರ್ಶಿಗಳು ಎದ್ದು ಎರಡನೆಯ ಸುತ್ತಿನ ಕಾಫಿಗೆ ಹೇಳಬೇಕಾಯಿತು.

ಕೊನೆಯ ಹಾಡು ‘ನ್ಯಾಚುರಲ್ ಆಂಥೆಮ್’ ಬಂದಾಗ ಇನ್ನೊಂದು ಎಡವಟ್ಟು. ಅದು ಶುರುವಿನಿಂದಲೇ ಕರಕರ, ಗರಗರ ಎಂದು ಬಲು ಹೊತ್ತು ನಡೆಯುತ್ತದೆ. ಗಾಯಕ ಬಾಯಿ ಬಿಡುವುದು ಹಾಡು ಮುಗಿಯಲು ಬಂದಾಗ. ನಾನು ಜಾಣನಾಗಿದ್ದೆ, “ಪಿನ್ನು ನೋಡಪ್ಪ, ಗ್ರೌಂಡ್ ಹೋಗಿದೆ” ಎಂದು ಹುಡುಗನಿಗೆ ಮೈಕಿನಲ್ಲೇ ಕೂಗಿ ಹೇಳಿದೆ. “ಇಲ್ಲ ಸಾರ್, ಇದು ಇರೋದೇ ಹೀಗೆ” ಎಂದ.

ಮನೆಗೆ ಬಂದು ಇಯರ್‌ಫೋನ್ ಮತ್ತೆ ಹಾಕಿ, ಬಟನ್ ಒತ್ತಿ ಹಿಡಿದು ಇಡೀ ಆಲ್ಬಮ್ಮನ್ನು ಮೊದಲಿಂದ ಕೇಳಿದೆ. ಹೆಬ್ಬೆರಳು ಜೋಮು ಹಿಡಿದಾಗ ಹೆಂಡತಿ ಬಂದು ಒತ್ತಿ ಹಿಡಿದಳು. ಉಪಕಾರಕ್ಕೆ ಒಂದು ತುದಿ ಅವಳ ಕಿವಿಗೆ ಕೊಟ್ಟೆ. ‘ನಥಿಂಗ್ ಬೆಟರ್’ ಎಂಬ ಜೋಡಿಹಾಡು ಓಡುತ್ತಿತ್ತು. ಅದರಲ್ಲಿ ಬಿಟ್ಟುಹೋಗುತ್ತಿರುವ ಹುಡುಗಿಯ ಮುಂದೆ ಹುಡುಗ ಗೋಳಾಡುತ್ತಾನೆ, ನಾವು ಹೀಗಿದ್ದೆವು ಹಾಗಿದ್ದೆವು ಎಂದು ಬಣ್ಣ ಕಟ್ಟುತ್ತಾನೆ. ಜೆನ್ ವುಡ್ ಮಧ್ಯೆ ಬಾಯಿ ಹಾಕಿ, ಅದು ಹಾಗಲ್ಲ, ನಡೆದದ್ದು ಹೀಗೆ ಎಂದು ಒಂದೊಂದಾಗಿ ತಿದ್ದುತ್ತಾಳೆ. ಹೆಂಡತಿ ಪೂರ್ತಿ ಕೇಳಿ, “ಇದನ್ನ ಇನ್ನೊಂದು ಸಲ ಹಾಕಿ” ಎಂದಳು. ಹಾಕಿದೆ. ಮೂರನೆಯ ಸಲಕ್ಕೆ ಅವಳು ಬಟನ್ ಮೇಲಿಂದ ಬೆರಳು ತೆಗೆದಳು. ದನಿಗಳು ಬಾವಿಗೆ ಬಿದ್ದವು. “ಈ ಸುಖಕ್ಕೇ ನೀವು ಹೀಗೆ ಕೇಳ್ತಿದ್ರಿ” ಎಂದು ಎದ್ದು ಹೋದಳು.

ಸಿಯಾಟಲ್‌ಗೂ ವಿಷಯ ತಲುಪಿತು. ಹೇಗೆ ಎಂದು ವಿಚಾರಿಸಲು ಹೋಗಲಿಲ್ಲ, ಮನೆಯೊಳಗೇ ಅಂಚೆ ಇದೆ. ಈ ಸಲ ಹೆಬ್ಬೆರಳಿನ ಬದಲು ಹೊಟ್ಟೆ ಹಿಡಿದು ನಗುವ ಮುಖಗಳು ಬಂದವು, ಒಂದು ಸಾಲು.

ಬುಧವಾರದ ಸ್ಥಳೀಯ ಪತ್ರಿಕೆಯಲ್ಲಿ, ನೀರು ಪೂರೈಕೆ ವ್ಯತ್ಯಯದ ಪಕ್ಕ, ಕಾರ್ಯದರ್ಶಿಗಳು ಕಳಿಸಿದ ವರದಿ ಅಚ್ಚಾಗಿತ್ತು: ‘ಅಂಚೆ ಇಲಾಖೆಯ ಸೇವೆಗಳ ಕುರಿತು ಉಪನ್ಯಾಸ ಯಶಸ್ವಿ. ಟಪಾಲಿನಲ್ಲಿ ಕಳಿಸಿದ ವಸ್ತು ಹಾಳಾಗದೆ ತಲುಪುವುದನ್ನು ಉಪನ್ಯಾಸಕರು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಟ್ಟರು. ನಡುವೆ ಲಘು ಸಂಗೀತವಿತ್ತು.’

ಅದನ್ನು ಓದಿ ಪೋಸ್ಟ್‌ಮಾಸ್ಟರು ಮನೆಗೇ ಬಂದರು. ಅಂಚೆ ಪಿಂಚಣಿದಾರರ ವಾರ್ಷಿಕ ಸಭೆಗೆ ನಾನೇ ಬರಬೇಕಂತೆ. ಅಮೆರಿಕದಲ್ಲಿ ಇಲಾಖೆಯ ಸಮ್ಮೇಳನಕ್ಕೆ ತಂಡ ಬಂದು ಹಾಡಿದ ಪೂರ್ವನಿದರ್ಶನ ಇದೆ ಎಂದು ನೋಟ್‌ಬುಕ್ ತೆರೆದು ತೋರಿಸಿದರು. ನಾನು ಹೇಳಿದ ಇಸವಿಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು. ಸಿಡಿ ತರಬೇಕು, ಆ ಬಾಂಬಿನ ಹಾಡು ಇರಲಿ, ಕೊನೆಯ ಗರಗರ ಬೇಡ. ಇಯರ್‌ಫೋನ್ ತರುವುದು ಬೇಡ. ಭಾಷಣಕ್ಕೆ ಅರ್ಧ ಗಂಟೆ, ವಿಷಯ ಅವರೇ ಗೊತ್ತು ಮಾಡಿದ್ದಾ‌ರೆ: ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ. ಆಮೇಲೆ ಬರೋಣ ಎಂದು ನಾನು ಹೇಳಿದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆಯಂತೆ.